ನರ್ಸ್‌ಗೆ ಅದು ಹೇಗೆ ಗೊತ್ತು?

(ಐರ್ಲೆಂಡಿನ ಕಾರ್ಕ್ ನಗರದ ಹಾಲಿಹಿಲ್‌ನಲ್ಲಿ ನಡೆದ ಅನಿವಾಸಿ ಕುಟುಂಬಗಳ ಸಂಗಮದಲ್ಲಿ, ಆ ನಗರದಲ್ಲೇ ಕೆಲಸ ಮಾಡುತ್ತಿರುವ ನಮ್ಮೂರ ಕಡೆಯ ನರ್ಸ್ ಒಬ್ಬರು ಆಡಿದ ಮಾತುಗಳ ಬರಹ ರೂಪ.)

ಊಟಕ್ಕೆ ಮೊದಲು ಮಾತಾಡಿ ಮುಗಿಸಬೇಕು ಅಂತ ಹೇಳಿದ್ದಾರೆ. ಹಿಂದಿನ ಕೋಣೆಯಿಂದ ನೈಚೋರಿನ ಪರಿಮಳ ಬರ್ತಾ ಉಂಟು, ಆದ್ದರಿಂದ ನಿಮ್ಮ ಗಮನ ಎಲ್ಲಿದೆ ಅಂತ ನನಗೆ ಗೊತ್ತುಂಟು. ಆದರೂ ಸ್ವಲ್ಪ ಹೊತ್ತು ನನ್ನ ಕಡೆ ಇರಲಿ.

ನಾವು ಸೇರಿರುವ ಈ ಗುಡ್ಡದ ಮೇಲೆ ಆ್ಯಪಲ್ ಕಂಪೆನಿ 1980ರಿಂದ ಇದೆ. ಅಲ್ಲಿ ಕಟ್ಟುವ ಒಂದು ಕಂಪ್ಯೂಟರನ್ನು ಪರೀಕ್ಷೆ ಮಾಡದೆ ಗೇಟಿನ ಹೊರಗೆ ಬಿಡುವುದಿಲ್ಲ. ಇದರಲ್ಲಿ ಯಾರಿಗೂ ಆಶ್ಚರ್ಯ ಇಲ್ಲ. ಆದರೆ ಹಾಸಿಗೆ ಹಿಡಿದ ನಮ್ಮ ತಂದೆಯ ಮೈಗೆ ನಾವು ಮಾಡುವ ಆರೈಕೆಯನ್ನು ಯಾರು ಯಾವಾಗ ಪರೀಕ್ಷೆ ಮಾಡಿ ನೋಡಿದ್ದಾರೆ? ಆ ಪ್ರಶ್ನೆಯನ್ನು ನಾನು ನನ್ನ ವೃತ್ತಿಯ ಮೊದಲ ಎಂಟು ವರ್ಷ ಕೇಳಿಯೇ ಇರಲಿಲ್ಲ. ಕೇಳದೆ ಇದ್ದದ್ದರಿಂದ ಏನಾಯಿತು ಅಂತ ಮೊದಲು ಹೇಳುತ್ತೇನೆ.

ನನ್ನ ಬಾಪ ಇಪ್ಪತ್ತೆರಡು ವರ್ಷ ದಮ್ಮಾಮಿನಲ್ಲಿ ಡ್ರೈವರ್ ಆಗಿದ್ದವರು. ಇಲ್ಲಿ ಕುಳಿತಿರುವ ಅರ್ಧ ಜನರ ಬಾಪಂದಿರ ಹಾಗೆ. ಊರಿಗೆ ವಾಪಸ್ ಬಂದು, ಮನೆಗೆ ಒಂದು ಸಿಟ್‌ಔಟ್ ಕಟ್ಟಿಸಿ, ಅದರಲ್ಲಿ ಕುಳಿತುಕೊಳ್ಳಲಿಕ್ಕೆ ಪುರುಸೊತ್ತು ಸಿಕ್ಕಿತು ಅನ್ನುವಾಗ 2013ರಲ್ಲಿ ಸ್ಟ್ರೋಕ್ ಆಯಿತು. ಎಡಭಾಗ ಪೂರ್ತಿ ಬಿದ್ದು ಹೋಯಿತು. ನಾನು ಆಗ ರಿಯಾದಿನಲ್ಲಿ ನರ್ಸ್. ಮನೆಯಲ್ಲಿ ಉಮ್ಮ, ನನ್ನ ತಮ್ಮ, ತಮ್ಮನ ಹೆಂಡತಿ. ದಿನಾ ರಾತ್ರಿ ಫೋನ್. ಒಂದು ದಿನ ತಮ್ಮ ಹೇಳಿದ, ಬೆನ್ನಿನ ಕೆಳಗೆ, ಬಾಲದ ಎಲುಬಿನ ಹತ್ತಿರ, ಕೈ ಅಗಲದಷ್ಟು ಜಾಗದ ಬಣ್ಣ ಬೇರೆ ಆಗಿದೆ ಅಂತ. ನಾನು ತಕ್ಷಣ ಹೇಳಿದೆ: ಸ್ಪಿರಿಟ್ ಹಾಕಿ ಚೆನ್ನಾಗಿ ಉಜ್ಜಿ, ರಕ್ತ ಓಡಾಡಲಿ, ಆಮೇಲೆ ಪೌಡರ್ ಹಾಕಿ. ದಿನಕ್ಕೆ ಎರಡು ಸಲ. ಕೆಳಗೆ ಗಾಳಿ ತುಂಬಿದ ರಬ್ಬರ್ ರಿಂಗ್ ಇಡಿ.

ಇದು ನಾನು ಹುಟ್ಟಿಸಿದ ಮಾತಲ್ಲ. ಮಂಗಳೂರಿನ ನರ್ಸಿಂಗ್ ಕಾಲೇಜಿನಲ್ಲಿ ನಮಗೆ ‘ಬ್ಯಾಕ್ ಕೇರ್’ ಅಂತ ಕಲಿಸಿದ್ದೇ ಇದನ್ನು. ಟ್ರೇಯಲ್ಲಿ ಸ್ಪಿರಿಟ್, ಪೌಡರ್, ಟವೆಲ್. ಅಂಗೈಯಿಂದ ಉದ್ದಕ್ಕೆ ಎಷ್ಟು ಸಲ, ವೃತ್ತಾಕಾರಕ್ಕೆ ಎಷ್ಟು ಸಲ. ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಮಾರ್ಕ್ ಕೂಡ ಬಂದಿತ್ತು.

ಹತ್ತು ದಿನದಲ್ಲಿ ಚರ್ಮ ಒಡೆಯಿತು. ಆಮೇಲಿನದ್ದನ್ನು ಊಟದ ಮೊದಲು ಹೇಳುವುದಿಲ್ಲ. ಸತ್ತ ಮಾಂಸ ತೆಗೆಸಲಿಕ್ಕೆ ಎರಡು ಸಲ ಆಸ್ಪತ್ರೆ, ನಾಲ್ಕು ತಿಂಗಳ ಡ್ರೆಸ್ಸಿಂಗ್, ನನ್ನ ಎರಡು ತಿಂಗಳ ಸಂಬಳ. ಬಾಪ ಒಂದು ದಿನವೂ ಕೂಗಲಿಲ್ಲ. ಡ್ರೆಸ್ಸಿಂಗ್ ಮಾಡುವಾಗ ಮಂಚದ ಪಟ್ಟಿಯನ್ನು ಬಲಗೈಯಲ್ಲಿ ಹಿಡಿದುಕೊಳ್ಳುತ್ತಿದ್ದರಂತೆ, ಅಷ್ಟೇ.

2016ರಲ್ಲಿ ನಾನು ಕಾರ್ಕ್‌ಗೆ ಬಂದೆ. ಮೊದಲ ತಿಂಗಳು, ಒಬ್ಬರು ಅಜ್ಜಿಯನ್ನು ಮಗ್ಗುಲು ಮಾಡಿಸಿ ಅವರ ಸೊಂಟದ ಕೆಳಗೆ ಕೈ ಹಾಕಿ ಉಜ್ಜಲು ಹೋದೆ. ಜೊತೆಯಲ್ಲಿದ್ದ ಹೆಲ್ತ್‌ಕೇರ್ ಅಸಿಸ್ಟೆಂಟ್ ಮೆಲ್ಲ ನನ್ನ ಕೈ ಹಿಡಿದು, ಅಲ್ಲಿ ಉಜ್ಜಬಾರದು ಅಂದರು. ಅವರು ನರ್ಸ್ ಅಲ್ಲ, ನಾನು ನರ್ಸ್. ನನಗೆ ಸಿಟ್ಟು ಬಂತು. ಯಾಕೆ ಉಜ್ಜಬಾರದು ಅಂತ ಕೇಳಿದೆ. ‘ಗೈಡ್‌ಲೈನ್‌ನಲ್ಲಿ ಉಂಟು, ಓದಿ’ ಅಂತ ಹೇಳಿ ಅವರು ಮುಂದಿನ ಹಾಸಿಗೆಗೆ ಹೋದರು. ಆ ರಾತ್ರಿ ನಾನು ಓದಿದೆ. ಅಪಾಯದಲ್ಲಿರುವ ಚರ್ಮವನ್ನು ಉಜ್ಜಬೇಡಿ, ಮಸಾಜ್ ಮಾಡಬೇಡಿ, ರಿಂಗ್ ಇಡಬೇಡಿ. ಎಲುಬು ಒತ್ತಿ ಒತ್ತಿ ಒಳಗಿನ ಸಣ್ಣ ರಕ್ತನಾಳಗಳು ಆಗಲೇ ಸೋತಿರುತ್ತವೆ, ಅದರ ಮೇಲೆ ಉಜ್ಜಿದರೆ ಉಳಿದದ್ದೂ ಹರಿಯಬಹುದು. ರಿಂಗ್ ಇಟ್ಟರೆ ಅದರ ಅಂಚು ಸುತ್ತಲಿನ ರಕ್ತ ಓಡಾಟವನ್ನೇ ತಡೆಯುತ್ತದೆ. ಎಲ್ಲವೂ ನಾನು ಹೇಳಿದ್ದಕ್ಕೆ ಉಲ್ಟಾ.

ತಮ್ಮನಿಗೆ ಫೋನ್ ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಒಂದೇ ಮಾತು: ‘ನೀನು ನರ್ಸ್ ಅಲ್ವಾ, ನೀನು ಹೇಳಿದೆ ಅಂತ ಮಾಡಿದೆವು.’

ನನ್ನ ಇವತ್ತಿನ ವಿಷಯ ಆ ಒಂದು ಮಾತು. ನರ್ಸ್ ಹೇಳಿದಳು ಅಂತ ತಮ್ಮ ಮಾಡಿದ. ಟೀಚರ್ ಹೇಳಿದರು ಅಂತ ನಾನು ಹೇಳಿದೆ. ಟೀಚರಿಗೆ ಅವರ ಟೀಚರ್ ಹೇಳಿದ್ದರು. ಈ ಸಾಲಿನಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಯಾರೂ ಉಜ್ಜಿದವರನ್ನೂ ಉಜ್ಜದವರನ್ನೂ ಪಕ್ಕ ಪಕ್ಕ ಇಟ್ಟು ಲೆಕ್ಕ ಮಾಡಿ ನೋಡಿರಲಿಲ್ಲ. ಲೆಕ್ಕ ಮಾಡಿ ನೋಡುವುದಕ್ಕೆ ನರ್ಸಿಂಗ್ ಸಂಶೋಧನೆ ಅಂತ ಹೆಸರು. ನೋಡಿದ್ದನ್ನು ರೋಗಿಯ ಹಾಸಿಗೆಯ ಹತ್ತಿರ ತರುವುದಕ್ಕೆ ಪುರಾವೆ ಆಧಾರಿತ ಶುಶ್ರೂಷೆ ಅಂತ ಹೆಸರು. ದೊಡ್ಡ ಹೆಸರು, ಆದರೆ ವಿಷಯ ಇಷ್ಟೇ.

ಲೆಕ್ಕ ಶುರು ಮಾಡಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರು ನಿಮಗೆ ಗೊತ್ತುಂಟು. ದೀಪ ಹಿಡಿದ ಚಿತ್ರ ಎಲ್ಲರೂ ನೋಡಿದ್ದೀರಿ. ಪುಸ್ತಕ ಹಿಡಿದು ಲೆಕ್ಕ ಬರೆಯುವ ಚಿತ್ರವನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಕ್ರಿಮಿಯಾ ಯುದ್ಧದಲ್ಲಿ ಸ್ಕುಟಾರಿ ಆಸ್ಪತ್ರೆಗೆ ಸೇರಿದವರಲ್ಲಿ 1855ರ ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42 ಮಂದಿ ಸಾಯುತ್ತಿದ್ದರು. ಚರಂಡಿ, ನೀರು, ಗಾಳಿಯ ವ್ಯವಸ್ಥೆ ಸರಿ ಮಾಡಿದ ಮೇಲೆ ಜೂನ್ ಹೊತ್ತಿಗೆ ಅದು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಅವರು ಈ ಅಂಕೆಗಳನ್ನು ಬಣ್ಣದ ಚಿತ್ರ ಮಾಡಿ ಸರಕಾರದ ಮುಂದೆ ಇಟ್ಟರು. ಲಂಡನ್ನಿನ ಸ್ಟಾಟಿಸ್ಟಿಕಲ್ ಸೊಸೈಟಿ 1858ರಲ್ಲಿ ಸೇರಿಸಿಕೊಂಡ ಮೊದಲ ಹೆಂಗಸು ಅವರೇ.

ಆದರೆ ಕಾರ್ಕ್‌ನಲ್ಲಿ ನಿಂತು ಬರೀ ನೈಟಿಂಗೇಲ್ ಹೆಸರು ಹೇಳಿದರೆ ಇಲ್ಲಿನವರು ಒಪ್ಪುವುದಿಲ್ಲ. ಭಾನುವಾರ ಮಕ್ಕಳನ್ನು ಕರಕೊಂಡು ಸಮುದ್ರ ನೋಡಲಿಕ್ಕೆ ನಾವು ಕಿನ್ಸೇಲ್‌ಗೆ ಹೋಗುತ್ತೇವಲ್ಲ, ಆ ಊರಿನ ಕಾನ್ವೆಂಟಿನ ಮದರ್ ಫ್ರಾನ್ಸಿಸ್ ಬ್ರಿಡ್ಜ್‌ಮನ್ 1854ರ ಕೊನೆಗೆ ಹದಿನೈದು ಸಿಸ್ಟರ್‌ಗಳ ತಂಡ ಕಟ್ಟಿಕೊಂಡು ಅದೇ ಯುದ್ಧಕ್ಕೆ ಹೋಗಿದ್ದರು. ಕಾಲರಾ ರೋಗಿಗಳನ್ನು ನೋಡಿಕೊಂಡ ಅನುಭವ ಅವರಿಗೆ ಮೊದಲೇ ಇತ್ತು. ಇಬ್ಬರಿಗೂ ಆಗುತ್ತಿರಲಿಲ್ಲ. ಯಾರ ಮಾತು ಯಾರು ಕೇಳಬೇಕು ಅನ್ನುವ ಜಗಳ. ಎಲ್ಲ ವಾರ್ಡಿನಲ್ಲೂ ಇಂದಿಗೂ ಇರುವ ಜಗಳವೇ ಅದು! ಒಬ್ಬರ ಹತ್ತಿರ ಪಳಗಿದ ಕೈ ಇತ್ತು, ಇನ್ನೊಬ್ಬರ ಹತ್ತಿರ ಲೆಕ್ಕ ಇತ್ತು. ಎರಡೂ ಒಂದೇ ಕಡೆ ಇದ್ದರೆ ಎಷ್ಟು ಒಳ್ಳೆಯದಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಇನ್ನು ಹಾಸಿಗೆ ಹುಣ್ಣಿಗೆ ಬರುತ್ತೇನೆ. ಇಂಗ್ಲೆಂಡಿನಲ್ಲಿ ಡೊರೀನ್ ನಾರ್ಟನ್ ಅಂತ ಒಬ್ಬರು ನರ್ಸ್ ಇದ್ದರು. ಆಗ ಒಂದೊಂದು ವಾರ್ಡಿನಲ್ಲಿ ಒಂದೊಂದು ಔಷಧಿ ಹಚ್ಚುತ್ತಿದ್ದರು, ಸ್ಪಿರಿಟ್, ಸಾಬೂನು, ಎಣ್ಣೆ, ಮುಲಾಮು ಅಂತ. ಅವರೂ ಜೊತೆಯವರೂ ವಯಸ್ಸಾದ ರೋಗಿಗಳನ್ನು ಗಮನಿಸಿ 1962ರಲ್ಲಿ ಪುಸ್ತಕ ಮಾಡಿದರು. ಹುಣ್ಣು ತಡೆಯುವುದು ಹಚ್ಚುವ ಔಷಧಿ ಅಲ್ಲ, ಒತ್ತಡ ತೆಗೆಯುವುದು, ಅಂದರೆ ರೋಗಿಯನ್ನು ಹೊರಳಿಸುವುದು ಅಂತ ಅದರಲ್ಲಿ ಇತ್ತು. 1962! ನಾನು ಹುಟ್ಟುವ ಎಷ್ಟೋ ವರ್ಷ ಮೊದಲು. ಆದರೂ ನನ್ನ ಟ್ರೇಯಲ್ಲಿ ಸ್ಪಿರಿಟ್ ಇತ್ತು. ಪುರಾವೆ ಹುಟ್ಟುವುದು ಬೇರೆ, ಅದು ಮಂಗಳೂರಿನ ಟ್ರೇಗೆ ಬಂದು ಮುಟ್ಟುವುದು ಬೇರೆ.

ಎಷ್ಟು ಹೊತ್ತಿಗೊಮ್ಮೆ ಹೊರಳಿಸಬೇಕು, ಹೇಗೆ ಹೊರಳಿಸಬೇಕು? ಇದಕ್ಕೆ ಒಳ್ಳೆಯ ಒಂದು ಪರೀಕ್ಷೆ ಆದದ್ದು ಇದೇ ಐರ್ಲೆಂಡಿನಲ್ಲಿ. ಡಬ್ಲಿನ್‌ನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಝೀನಾ ಮೂರ್, ಅವರೂ ನರ್ಸ್, ಮತ್ತು ಜೊತೆಯವರು ಮಾಡಿ 2011ರಲ್ಲಿ ಪ್ರಕಟಿಸಿದರು. ವಯಸ್ಸಾದವರನ್ನು ನೋಡಿಕೊಳ್ಳುವ 12 ಆಸ್ಪತ್ರೆಗಳು, 213 ಮಂದಿ. ಯಾವ ಆಸ್ಪತ್ರೆಗೆ ಯಾವ ಕ್ರಮ ಅಂತ ಚೀಟಿ ಎತ್ತಿದ ಹಾಗೆ ನಿರ್ಧಾರ ಮಾಡಿದರು. ಒಂದು ಗುಂಪಿನವರನ್ನು ರಾತ್ರಿ ಆರು ಗಂಟೆಗೊಮ್ಮೆ ಪೂರ್ತಿ ಮಗ್ಗುಲಿಗೆ, ಅಂದರೆ 90 ಡಿಗ್ರಿ ಹೊರಳಿಸುವುದು. ಅದು ಅಲ್ಲಿ ಮೊದಲಿಂದ ಇದ್ದ ರೂಢಿ. ಇನ್ನೊಂದು ಗುಂಪಿನವರನ್ನು ಮೂರು ಗಂಟೆಗೊಮ್ಮೆ ಸ್ವಲ್ಪವೇ, 30 ಡಿಗ್ರಿ ಓರೆ ಮಾಡುವುದು. ನಾಲ್ಕು ವಾರ ನೋಡಿದರು. ಹಳೆಯ ರೂಢಿಯ 114 ಮಂದಿಯಲ್ಲಿ 13 ಮಂದಿಗೆ ಹುಣ್ಣಾಯಿತು. ಓರೆ ಮಾಡಿದ 99 ಮಂದಿಯಲ್ಲಿ 3 ಮಂದಿಗೆ. ನೂರಕ್ಕೆ 11, ನೂರಕ್ಕೆ 3.

ಚೀಟಿ ಯಾಕೆ ಎತ್ತಬೇಕು ಅಂತ ಕೇಳಬಹುದು. ಚೀಟಿ ಇಲ್ಲದಿದ್ದರೆ ಒಳ್ಳೆಯ ಸಿಬ್ಬಂದಿ ಇರುವ, ಉತ್ಸಾಹ ಇರುವ ಆಸ್ಪತ್ರೆಯೇ ಹೊಸ ಕ್ರಮ ಬೇಕು ಅಂತ ಮುಂದೆ ಬರುತ್ತದೆ. ಆಮೇಲೆ ಹುಣ್ಣು ಕಡಿಮೆಯಾದರೆ ಅದು ಕ್ರಮದಿಂದಲೋ, ಆ ಸಿಬ್ಬಂದಿಯಿಂದಲೋ ಅಂತ ಹೇಳಲಿಕ್ಕಾಗುವುದಿಲ್ಲ. ಇನ್ನೊಂದು ಗುಂಪು ಯಾಕೆ ಬೇಕು? ನನ್ನ ಬಾಪನ ಕತೆಯನ್ನೇ ತೆಗೆದುಕೊಳ್ಳಿ. ನಾನು ಉಜ್ಜಲು ಹೇಳಿದ್ದರಿಂದಲೇ ಚರ್ಮ ಒಡೆಯಿತಾ? ಎಷ್ಟೋ ರಾತ್ರಿ ಈ ಪ್ರಶ್ನೆ ಇಟ್ಟುಕೊಂಡು ಮಲಗಿದ್ದೇನೆ. ಉಜ್ಜದೆ ಇದ್ದಿದ್ದರೂ ಒಡೆಯುತ್ತಿತ್ತೋ ಏನೋ. ರಾತ್ರಿ ಹತ್ತರಿಂದ ಸುಬಹಿಯವರೆಗೆ ಅವರನ್ನು ಯಾರೂ ಹೊರಳಿಸುತ್ತಿರಲಿಲ್ಲ, ಅದನ್ನು ನಾನೂ ಕೇಳಿರಲಿಲ್ಲ. ಒಬ್ಬ ಬಾಪ, ಒಂದು ಬೆನ್ನು. ಅದರಿಂದ ಕಾರಣ ಹೇಳಲಿಕ್ಕೆ ಆಗುವುದಿಲ್ಲ. ಹೀಗಾಗಿಯೇ 213 ಮಂದಿ ಬೇಕಾದದ್ದು. ವಾಟ್ಸಾಪಿನಲ್ಲಿ ‘ನನ್ನ ಮಾವನಿಗೆ ಇದರಿಂದ ಗುಣ ಆಯ್ತು’ ಅಂತ ಬರುತ್ತದಲ್ಲ, ಸುಳ್ಳಲ್ಲದೆ ಇರಬಹುದು. ಆದರೆ ಅದು ಒಬ್ಬ ಮಾವ.

ಇದೇ ಕೊನೆಯ ಮಾತು ಅಂತಲೂ ತಿಳಿಯಬೇಡಿ. ಅಮೆರಿಕ ಮತ್ತು ಕೆನಡಾದ ವೃದ್ಧರ ಆರೈಕೆ ಮನೆಗಳಲ್ಲಿ 942 ಮಂದಿಯನ್ನು ನೋಡಿ 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಹೊರಳಿಸಿದವರ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ಜರಡಿ ಹಿಡಿಯುವ ಕಾಕ್ರೇನ್ ಅಂತ ಸಂಸ್ಥೆ ಉಂಟು, 1993ರಲ್ಲಿ ಶುರುವಾದದ್ದು. ಅವರು 2020ರಲ್ಲಿ ನೋಡಿ, ಇಷ್ಟೇ ಗಂಟೆ ಅಂತ ಖಚಿತವಾಗಿ ಹೇಳುವಷ್ಟು ಗಟ್ಟಿ ಪುರಾವೆ ಇನ್ನೂ ಇಲ್ಲ ಅಂದರು. ಹಾಗಾದರೆ ಹೊರಳಿಸುವುದು ಬೇಡವಾ? ಅಲ್ಲಿಯೇ ಜಾಗ್ರತೆ ಬೇಕಾದದ್ದು. ಆ 942 ಮಂದಿ ಮಲಗಿದ್ದು ಒತ್ತಡ ಹಂಚುವ ಒಳ್ಳೆಯ ಫೋಮ್ ಹಾಸಿಗೆಯ ಮೇಲೆ. ನಮ್ಮ ಬಾಪ ಮಲಗಿದ್ದು ಹದಿನೈದು ವರ್ಷದ ಹತ್ತಿಯ ಹಾಸಿಗೆಯ ಮೇಲೆ, ಅದು ಮಧ್ಯದಲ್ಲಿ ಗುಂಡಿ ಬಿದ್ದು ಹಲಗೆಯ ಹಾಗೆ ಆಗಿತ್ತು. ಅಲ್ಲಿನ ನಾಲ್ಕು ಗಂಟೆ ನಮ್ಮ ಮನೆಯ ನಾಲ್ಕು ಗಂಟೆ ಅಲ್ಲ. ಸಂಶೋಧನೆ ಓದುವಾಗ ಯಾರ ಮೇಲೆ, ಎಲ್ಲಿ, ಯಾವುದಕ್ಕೆ ಹೋಲಿಸಿ ಮಾಡಿದ್ದು ಅಂತ ಕೇಳದೆ ಬರೀ ಉತ್ತರ ತೆಗೆದುಕೊಂಡರೆ ನನ್ನ ಸ್ಪಿರಿಟ್ಟಿನ ಕತೆಯೇ ಮತ್ತೊಮ್ಮೆ ಆಗುತ್ತದೆ.

ಗಲ್ಫ್‌ನಿಂದ, ಇಲ್ಲಿಂದ, ನಾವು ದುಡ್ಡು ಕಳುಹಿಸಿ ಏರ್ ಬೆಡ್ ತರಿಸುತ್ತೇವೆ. ತರಿಸಿ, ಒಳ್ಳೆಯದು. ಆದರೆ ಏರ್ ಬೆಡ್ ಬಂತು ಅಂತ ಹೊರಳಿಸುವುದನ್ನು ನಿಲ್ಲಿಸಬೇಡಿ. ಕರೆಂಟು ಹೋದರೆ ಅದು ಬರೀ ಪ್ಲಾಸ್ಟಿಕ್ ಹಾಳೆ.

ಇನ್ನೊಂದು ವಿಷಯ ನಮ್ಮವರಿಗೆ ವಿಶೇಷವಾಗಿ ಹೇಳಬೇಕು. ಪುಸ್ತಕದಲ್ಲಿ ಹಾಸಿಗೆ ಹುಣ್ಣಿನ ಮೊದಲ ಹಂತ ಅಂದರೆ ಚರ್ಮ ಕೆಂಪಾಗುವುದು. ಬೆರಳಿಂದ ಒತ್ತಿ ಬಿಟ್ಟರೂ ಬಿಳಿಯಾಗದೆ ಕೆಂಪಾಗಿಯೇ ಉಳಿಯುವುದು ಅಂತ ಇರುತ್ತದೆ. ಬಿಳಿ ಚರ್ಮದ ಮೇಲೆ ಅದು ಕಾಣುತ್ತದೆ. ನಮ್ಮ ಚರ್ಮದ ಮೇಲೆ ಕೆಂಪು ಕಾಣುವುದೇ ಕಡಿಮೆ. ಸುತ್ತಲಿಗಿಂತ ಸ್ವಲ್ಪ ಕಪ್ಪು ಅಥವಾ ನೇರಳೆ ಛಾಯೆ ಬರಬಹುದು, ಅಷ್ಟೇ. ಆದ್ದರಿಂದ ಕಣ್ಣನ್ನು ಮಾತ್ರ ನಂಬಬೇಡಿ, ಕೈಯ ಹಿಂಭಾಗ ಇಟ್ಟು ನೋಡಿ. ಪಕ್ಕದ ಜಾಗಕ್ಕಿಂತ ಬಿಸಿ ಉಂಟಾ, ಗಟ್ಟಿ ಉಂಟಾ ಅಥವಾ ತೀರಾ ಮೆತ್ತಗೆ ಉಂಟಾ, ಮುಟ್ಟಿದರೆ ನೋವು ಅನ್ನುತ್ತಾರಾ? ಹಾಗಿದ್ದರೆ ಅದೇ ಮೊದಲ ಹಂತ. ಆ ಕಡೆಗೆ ಮಲಗಿಸಬೇಡಿ, ಉಜ್ಜಬೇಡಿ, ಡಾಕ್ಟರಿಗೆ ಅಥವಾ ನರ್ಸ್‌ಗೆ ತೋರಿಸಿ. ನನ್ನ ತಮ್ಮ ಕಂಡದ್ದು ಬಣ್ಣ ಬೇರೆಯಾದ ಮೇಲೆ. ಬಿಸಿ ಅದಕ್ಕೂ ಮೊದಲೇ ಬಂದಿರಬೇಕು.

ಸಂಶೋಧನೆ ಅಂದರೆ ಬರೀ ಅಂಕೆ ಅಂತ ನಾನೂ ತಿಳಿದಿದ್ದೆ. ಕಾಲೇಜಿನಲ್ಲಿ ನರ್ಸಿಂಗ್ ರಿಸರ್ಚ್ ಒಂದು ಸಬ್ಜೆಕ್ಟ್ ಇತ್ತು, ನಮಗೆ ಅದು ಪಾಸಾಗಬೇಕಾದ ಪೇಪರ್. ಪ್ರಾಜೆಕ್ಟ್ ಅಂದರೆ ಒಂದು ಪ್ರಶ್ನಾವಳಿ, ಒಂದು ಗಂಟೆಯ ಪಾಠ, ಮತ್ತೆ ಅದೇ ಪ್ರಶ್ನಾವಳಿ. ಪಾಠ ಮಾಡಿದ ಮೇಲೆ ಜ್ಞಾನ ಹೆಚ್ಚಾಯಿತು ಅಂತ ಫಲಿತಾಂಶ. ಪಾಠ ಮಾಡಿದರೆ ಜ್ಞಾನ ಹೆಚ್ಚಾಗದೆ ಇನ್ನೇನು? ಇಲ್ಲಿ ನರ್ಸಿಂಗ್ ಮಕ್ಕಳು ಕುಳಿತಿದ್ದರೆ ಹೇಳುತ್ತೇನೆ: ಆರು ತಿಂಗಳ ನಂತರ ರೋಗಿಯ ಬೆನ್ನು ಹೇಗಿದೆ ಅಂತ ಕೇಳುವ ಪ್ರಾಜೆಕ್ಟ್ ಮಾಡಿ.

ಕೆನಡಾದ ಡಾಕ್ಟರ್ ಡೇವಿಡ್ ಸ್ಯಾಕೆಟ್ 1996ರಲ್ಲಿ ಇದನ್ನು ವಿವರಿಸುವಾಗ ಸಂಶೋಧನೆಯ ಜೊತೆಗೆ ಚಿಕಿತ್ಸೆ ಕೊಡುವವರ ಅನುಭವ, ರೋಗಿಯ ಇಷ್ಟ, ಇವೂ ಬೇಕು ಅಂದಿದ್ದರು. ಮೂರನೆಯದು ನನಗೆ ಅರ್ಥವಾದದ್ದು ಬಾಪನಿಂದ. 2016ರ ರಜೆಯಲ್ಲಿ ಊರಿಗೆ ಹೋಗಿ 30 ಡಿಗ್ರಿ ಓರೆ ಮಾಡುವುದನ್ನು ಎಲ್ಲರಿಗೂ ಕಲಿಸಿದೆ. ಬಲಕ್ಕೆ ಓರೆ ಮಾಡಿದರೆ ಬಾಪ ಸುಮ್ಮನಿರುತ್ತಿದ್ದರು, ಎಡಕ್ಕೆ ಮಾಡಿದರೆ ತಲೆ ಅಲ್ಲಾಡಿಸಿ ಬೇಡ ಅನ್ನುತ್ತಿದ್ದರು. ಬಿದ್ದು ಹೋದ ಭಾಗ ನೋಯುತ್ತದೆ ಅಂತ ನಾನು ತಿಳಿದೆ. ಮೂರು ದಿನ ಬಿಟ್ಟು ಉಮ್ಮ ಹೇಳಿದರು: ಎಡಕ್ಕೆ ಮಾಡಿದರೆ ಅವರಿಗೆ ಗೋಡೆ ಕಾಣುತ್ತದೆ, ಬಲಕ್ಕೆ ಮಾಡಿದರೆ ಬಾಗಿಲು ಕಾಣುತ್ತದೆ. ಯಾರು ಬಂದರು ಯಾರು ಹೋದರು ಅಂತ ನೋಡಬೇಕು ಅವರಿಗೆ. ನಾವು ಮಂಚವನ್ನು ಗೋಡೆಯಿಂದ ಎಳೆದು ಹಾಲ್‌ನ ಮಧ್ಯೆ ಅಡ್ಡ ಹಾಕಿದೆವು. ಒಂದು ಕಡೆ ಬಾಗಿಲು, ಇನ್ನೊಂದು ಕಡೆ ಅಡಿಗೆಕೋಣೆ. ಆಮೇಲೆ ಅವರು ಬೇಡ ಅನ್ನಲಿಲ್ಲ. ಇದು ಯಾವ ಸಂಶೋಧನೆಯಲ್ಲೂ ಇರಲಿಲ್ಲ, ಆದರೆ ಇದಿಲ್ಲದೆ ಆ ಸಂಶೋಧನೆ ನಮ್ಮ ಮನೆಯೊಳಗೆ ಬರುತ್ತಿರಲಿಲ್ಲ. 2018ರಲ್ಲಿ ಬಾಪ ತೀರಿಕೊಂಡರು. ಮೈ ತೊಳೆದವರು, ಬೆನ್ನಿನಲ್ಲಿ ಹಳೆಯ ಕಲೆ ಬಿಟ್ಟರೆ ಏನೂ ಇಲ್ಲ ಅಂದರು.

ಸಮಯ ನೋಡುತ್ತಿದ್ದಾರೆ, ಎರಡು ವಿಷಯ ಬೇಗ ಹೇಳುತ್ತೇನೆ.

ಮಗು. ಇಲ್ಲಿ ಹೆರಿಗೆ ಆಗಿ ಮನೆಗೆ ಬಂದರೆ ಪಬ್ಲಿಕ್ ಹೆಲ್ತ್ ನರ್ಸ್ ಬರುತ್ತಾರೆ, ಮಗುವನ್ನು ಅಂಗಾತ ಮಲಗಿಸಿ, ತೊಟ್ಟಿಲಲ್ಲಿ ದಿಂಬು ಬೇಡ ಅನ್ನುತ್ತಾರೆ. ಊರಿಂದ ಬಂದ ಉಮ್ಮಂದಿರು ತಲೆ ಉರುಟಾಗಲಿಕ್ಕೆ ಅಂತ ಸಾಸಿವೆ ದಿಂಬು ತಂದಿರುತ್ತಾರೆ, ಬೇಸರ ಆಗುತ್ತದೆ. ಅವರಿಗೆ ಈ ಕತೆ ಹೇಳಿ. ಬೋರಲು ಮಲಗಿಸಿ ಅಂತ ಇಲ್ಲಿನ ದೊಡ್ಡ ದೊಡ್ಡ ಪುಸ್ತಕಗಳೇ 1980ರ ದಶಕದವರೆಗೂ ಹೇಳುತ್ತಿದ್ದವು. ಹಾಗೆ ಮಲಗಿದ ಮಕ್ಕಳು ನಿದ್ರೆಯಲ್ಲೇ ಸಾಯುವ ಅಪಾಯ ಹೆಚ್ಚು ಅಂತ ತಿಳಿಯಬಹುದಾದ ಪುರಾವೆ 1970ಕ್ಕೇ ಇತ್ತು. ಯಾರೂ ಒಟ್ಟು ಹಾಕಿ ನೋಡಲಿಲ್ಲ. ಬ್ರಿಟನ್ನಿನಲ್ಲಿ ಪ್ರಚಾರ ಶುರುವಾದದ್ದು 1991ರಲ್ಲಿ. ಮೊದಲೇ ನೋಡಿದ್ದರೆ ಬ್ರಿಟನ್ ಒಂದರಲ್ಲೇ 10,000ಕ್ಕೂ ಹೆಚ್ಚು ಮಕ್ಕಳು ಉಳಿಯಬಹುದಿತ್ತು ಅಂತ 2005ರಲ್ಲಿ ಲೆಕ್ಕ ಹಾಕಿದ್ದಾರೆ. ತಪ್ಪಿದ್ದು ನಮ್ಮ ಅಜ್ಜಿಯಂದಿರು ಮಾತ್ರ ಅಲ್ಲ ಅಂತ ಗೊತ್ತಾದರೆ ಉಮ್ಮನಿಗೂ ಸಮಾಧಾನ ಆಗುತ್ತದೆ.

ಇನ್ನೊಂದು ರಮಳಾನ್. ಶುಗರ್ ಇರುವವರು ಉಪವಾಸ ಹಿಡಿಯುವ ಬಗ್ಗೆ 13 ದೇಶಗಳ 12,243 ಮಂದಿಯನ್ನು 2001ರಲ್ಲಿ ವಿಚಾರಿಸಿದ ದೊಡ್ಡ ಅಧ್ಯಯನ ಉಂಟು, ಹೆಸರು ಎಪಿಡಯರ್. ಟೈಪ್ ಎರಡರ ಡಯಾಬಿಟಿಸ್ ಇದ್ದವರಲ್ಲಿ ಶುಗರ್ ತೀರಾ ಇಳಿದು ಆಸ್ಪತ್ರೆ ಸೇರುವಂಥ ಸಂದರ್ಭ ರಮಳಾನಿನಲ್ಲಿ ಏಳೂವರೆ ಪಟ್ಟು ಹೆಚ್ಚಿತ್ತು. ಇದು ಚೀಟಿ ಎತ್ತಿ ಮಾಡಿದ ಪರೀಕ್ಷೆ ಅಲ್ಲ, ವಿಚಾರಿಸಿ ಬರೆದುಕೊಂಡದ್ದು; ಆದರೆ ಇಷ್ಟು ಜನ ಹೇಳಿದಾಗ ಕಿವಿಗೊಡಬೇಕು. ಹಿಡಿಯಬೇಡಿ ಅಂತ ನಾನು ಹೇಳುತ್ತಿಲ್ಲ, ಅದು ನಿಮ್ಮ ಮತ್ತು ನಿಮ್ಮ ಡಾಕ್ಟರ ನಡುವಿನ ಮಾತು. ಆದರೆ ಆ ಮಾತು ರಮಳಾನಿಗೆ ಆರರಿಂದ ಎಂಟು ವಾರ ಮೊದಲೇ ಆಗಬೇಕು ಅಂತ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬೆರಳು ಚುಚ್ಚಿ ಶುಗರ್ ನೋಡಿದರೆ ಉಪವಾಸ ಮುರಿಯುವುದಿಲ್ಲ ಅಂತಲೂ ಅದರಲ್ಲೇ ಉಂಟು. ದಮ್ಮಾಮಿನಲ್ಲೋ ದುಬೈಯಲ್ಲೋ ಬಿಸಿಲಲ್ಲಿ ಕೆಲಸ ಮಾಡುವ ನಿಮ್ಮ ಅಣ್ಣಂದಿರಿಗೆ ಇವತ್ತೇ ಫೋನ್ ಮಾಡಿ ಹೇಳಿ.

ಐರ್ಲೆಂಡಿನಲ್ಲಿ ಇರುವ ಯಾರು ಬೇಕಾದರೂ ಕಾಕ್ರೇನ್ ಲೈಬ್ರರಿಯನ್ನು ದುಡ್ಡು ಕೊಡದೆ ಓದಬಹುದು, ಫೋನಿನಲ್ಲೇ. ಪ್ರತಿ ವರದಿಗೂ ಸುಲಭ ಭಾಷೆಯ ಒಂದು ಸಾರಾಂಶ ಇರುತ್ತದೆ. ಇಂಗ್ಲಿಷ್ ಕಷ್ಟ ಆದರೆ ಮಕ್ಕಳ ಹತ್ತಿರ ಓದಿಸಿ, ಅರ್ಥವಾಗದಿದ್ದರೆ ನನ್ನನ್ನು ಕೇಳಿ. ನಾನು ಹೇಳಿದ್ದನ್ನೂ ‘ಹೇಗೆ ಗೊತ್ತು’ ಅಂತ ಕೇಳಿ, ಬೇಸರ ಇಲ್ಲ.

ಈಗ ಆ ಮೂಲೆಯಲ್ಲಿ ಒಂದು ಮಡಚುವ ಮಂಚ, ನಾಲ್ಕು ದಿಂಬು ಇಟ್ಟಿದ್ದೇನೆ. 30 ಡಿಗ್ರಿ ಅಂದರೆ ಎಷ್ಟು ಅಂತ ಬಾಯಲ್ಲಿ ಹೇಳಿದರೆ ಗೊತ್ತಾಗುವುದಿಲ್ಲ. ಎಲ್ಲರೂ ಜಾಸ್ತಿಯೇ ಹೊರಳಿಸುತ್ತಾರೆ, ಆಗ ಭಾರ ಸೊಂಟದ ಎಲುಬಿನ ಮೇಲೆ ಬೀಳುತ್ತದೆ. ಒಂದು ದಿಂಬು ಬೆನ್ನಿನ ಒಂದು ಬದಿಗೆ, ಇನ್ನೊಂದು ಮೀನಖಂಡದ ಕೆಳಗೆ, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ. ಗಂಡಸರಲ್ಲಿ ಒಬ್ಬರು ಬಂದು ಮಲಗಿ. ಇನ್ನೊಬ್ಬರು ಬಂದು ಹೊರಳಿಸಿ, ನಾನು ನಿಂತು ಹೇಳಿಕೊಡುತ್ತೇನೆ. ಹತ್ತು ನಿಮಿಷ, ಆಮೇಲೆ ಊಟ.